ಕಲೆ, ಬಂಗು, ಕಣ್ಣಿನ ಸುತ್ತಲ ಕಪ್ಪು: ಮೇಕಪ್‌ನಿಂದ ಮುಖದ ಬಣ್ಣವನ್ನು ಸಮಗೊಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಧಿ ಬಣ್ಣದಿಂದ ಹಿಡಿದು ಎಣ್ಣೆಗೆಂಪು ಮತ್ತು ಗಾಢ ಕಂದು ಬಣ್ಣದವರೆಗಿನ ನಮ್ಮ ಕಡೆಯ ಚರ್ಮವನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ವಿದೇಶಿ ವಿಡಿಯೊಗಳಲ್ಲಿ ಹೇಳಿಕೊಡುವ ಅನೇಕ ಕ್ರಮಗಳು ತಿಳಿಬಣ್ಣದ ಚರ್ಮಕ್ಕಾಗಿ ರೂಪುಗೊಂಡಿರುವುದರಿಂದ, ಅವನ್ನು ಹಾಗೆಯೇ ಅನುಸರಿಸಿದಾಗ ನಮ್ಮ ಮುಖದ ಮೇಲೆ ಬೇರೆಯೇ ಪರಿಣಾಮ ಕಾಣುತ್ತದೆ.

ಮೇಕಪ್‌ನಿಂದ ಯಾವ ಕಲೆಗಳನ್ನು ಮರೆಮಾಡಬಹುದು, ಯಾವುದನ್ನು ಮರೆಮಾಡಲಾಗದು?

ಕಲೆಗೆ ಮಾತ್ರ ಹಚ್ಚುವ ದಟ್ಟ ಬಣ್ಣವಾದ ಕನ್ಸೀಲರ್ ಮತ್ತು ಇಡೀ ಮುಖಕ್ಕೆ ಹಚ್ಚುವ ಚರ್ಮದ ಬಣ್ಣದ ಫೌಂಡೇಶನ್‌ಗಳು ಬಣ್ಣದ ವ್ಯತ್ಯಾಸವನ್ನು ಮುಚ್ಚುತ್ತವೆಯೇ ಹೊರತು ಚರ್ಮದ ಏರುತಗ್ಗನ್ನಲ್ಲ. ಬಂಗು, ಮೊಡವೆ ಮಾಗಿದ ಮೇಲೆ ಉಳಿಯುವ ಕಂದು ಗುರುತು, ಕಣ್ಣಿನ ಸುತ್ತಲ ಕಪ್ಪು, ಬಾಯಿಯ ಸುತ್ತ ಕಪ್ಪಾದ ಭಾಗ, ತೊನ್ನು, ಹುಟ್ಟಿನಿಂದ ಬಂದ ಬಣ್ಣದ ಮಚ್ಚೆ ಮುಂತಾದವು ಸಮತಟ್ಟಾಗಿರುವುದರಿಂದ ಅವುಗಳನ್ನು ಬಹುಮಟ್ಟಿಗೆ ಮರೆಮಾಡಬಹುದು. ಮೊಡವೆಯ ಕುಳಿ, ಸಿಡುಬಿನ ಗುಳಿ, ಉಬ್ಬಿ ನಿಂತ ಗಾಯದ ಗುರುತುಗಳು ಕಾಣುವುದು ನೆರಳಿನಿಂದ. ಅವುಗಳ ಬಣ್ಣವನ್ನು ಸರಿಪಡಿಸಿದರೂ ನೆರಳು ಉಳಿಯುತ್ತದೆ, ಮತ್ತು ಹೆಚ್ಚು ಹಚ್ಚಿದಷ್ಟೂ ಅದು ಇನ್ನಷ್ಟು ಎದ್ದು ಕಾಣುತ್ತದೆ.

ನಿಮ್ಮದು ಯಾವ ಬಗೆಯದೆಂದು ತಿಳಿಯಲು ಹಗಲಿನಲ್ಲಿ ಕೈಗನ್ನಡಿ ಹಿಡಿದು ಮೊದಲು ಕಿಟಕಿಗೆ ಮುಖ ಮಾಡಿ ನಿಲ್ಲಿ, ಅನಂತರ ಬೆಳಕು ಕೆನ್ನೆಯ ಒಂದೇ ಬದಿಗೆ ಬೀಳುವಂತೆ ತಿರುಗಿ. ಎರಡೂ ಸಲ ಒಂದೇ ರೀತಿ ಕಾಣುವುದು ಬಣ್ಣದ ದೋಷ. ಬದಿಯ ಬೆಳಕಿನಲ್ಲಿ ಮಾತ್ರ ಎದ್ದು ಕಾಣುವುದು ಏರುತಗ್ಗು.

ಬಣ್ಣ ಸಮಗೊಳಿಸುವುದೆಂದರೆ ಮುಖವನ್ನು ಬೆಳ್ಳಗೆ ಮಾಡುವುದೇ?

ಖಂಡಿತ ಅಲ್ಲ. ಈ ಎರಡನ್ನೂ ಒಂದೆಂದು ತಿಳಿದಿರುವುದರಿಂದಲೇ ನಮ್ಮಲ್ಲಿ ಎಷ್ಟೋ ಮದುವೆಗಳಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಮತ್ತು ಕೈ ಇನ್ನೊಂದು ಬಣ್ಣವಾಗಿ ಕಾಣುತ್ತವೆ. ಸಮಗೊಳಿಸುವುದೆಂದರೆ ಮುಖದಲ್ಲಿ ಆಗಲೇ ಇರುವ ಆರೋಗ್ಯಕರವಾದ ಸಹಜ ಬಣ್ಣವನ್ನು ಗುರುತಿಸಿ, ಕಲೆಯಿರುವ ಜಾಗಗಳನ್ನು ಅದಕ್ಕೆ ಹೊಂದಿಸುವುದು. ನಿಮ್ಮ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಫೌಂಡೇಶನ್ ಹಚ್ಚಲು ಪಾರ್ಲರಿನವರು ಮುಂದಾದರೆ ಬೇಡವೆಂದು ಸ್ಪಷ್ಟವಾಗಿ ಹೇಳುವ ಹಕ್ಕು ನಿಮಗಿದೆ, ಹೇಳಲೂ ಬೇಕು. ಗಾಢ ಬಣ್ಣದ ಮುಖಕ್ಕೆ ಅದೇ ಗಾಢ ಬಣ್ಣದ ಸರಿಯಾದ ಫೌಂಡೇಶನ್ ಹಚ್ಚಿದಾಗ ಬರುವ ಕಳೆ ಬೇರೆ ಯಾವುದರಿಂದಲೂ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಬಣ್ಣಕ್ಕೆ ಸರಿಹೊಂದುವ ಫೌಂಡೇಶನ್ ಆರಿಸುವುದು ಹೇಗೆ?

ಫೌಂಡೇಶನ್‌ಗಳ ಚರ್ಮದ ಬಣ್ಣಗಳೆಲ್ಲ ಮುಖ್ಯವಾಗಿ ನಾಲ್ಕು ವರ್ಣದ್ರವ್ಯಗಳ ಮಿಶ್ರಣದಿಂದ ಹುಟ್ಟುತ್ತವೆ: ಕೆಂಪು, ಹಳದಿ ಮತ್ತು ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡುಗಳು, ಜೊತೆಗೆ ಬಿಳಿಯ ಟೈಟೇನಿಯಂ ಡೈಆಕ್ಸೈಡ್. ಮಲೆನಾಡು ಮತ್ತು ಕರಾವಳಿಯ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಬಿಳಿಯ ಪಾಲು ಹೆಚ್ಚಾಗಿರುವ ಮಿಶ್ರಣವನ್ನು ಗಾಢ ಚರ್ಮದ ಮೇಲೆ ಹಚ್ಚಿದಾಗ ಬೂದಿ ಬಳಿದಂತೆ ಕಾಣಲು ಈ ಟೈಟೇನಿಯಂ ಡೈಆಕ್ಸೈಡ್ ಕಾರಣ.

ಅಂಗಡಿಯಲ್ಲಿ ಮುಂಗೈ ಮೇಲೆ ಹಚ್ಚಿ ನೋಡುವ ಅಭ್ಯಾಸವನ್ನು ಬಿಡಬೇಕು; ಮುಂಗೈ ಬಿಸಿಲಿಗೆ ಕಂದಿರುತ್ತದೆ, ಅದರ ಬಣ್ಣ ಮುಖದ ಬಣ್ಣವಲ್ಲ. ಹತ್ತಿರ ಹತ್ತಿರದ ಮೂರು ಛಾಯೆಗಳನ್ನು ದವಡೆಯ ಅಂಚಿನಿಂದ ಕುತ್ತಿಗೆಯ ಕಡೆಗೆ ಗೆರೆಯಂತೆ ಎಳೆದು, ಅಂಗಡಿಯ ಹೊರಗೆ ಹಗಲು ಬೆಳಕಿಗೆ ಬಂದು ನೋಡಿ. ಎಲ್ಲಿ ಹಚ್ಚಿದ್ದೇವೆಂದು ತಿಳಿಯದಂತೆ ಕರಗಿಹೋಗುವ ಛಾಯೆಯೇ ನಿಮ್ಮದು. ಆದರೆ ಅಲ್ಲೇ ಕೊಳ್ಳದೆ ಇಪ್ಪತ್ತು ಮೂವತ್ತು ನಿಮಿಷ ಕಾಯುವುದು ಒಳ್ಳೆಯದು, ಏಕೆಂದರೆ ಚರ್ಮದ ಎಣ್ಣೆಯೊಂದಿಗೆ ಬೆರೆತು ಒಣಗಿದ ಮೇಲೆ ಕೆಲವು ಫೌಂಡೇಶನ್‌ಗಳು ಗಾಢವಾಗುತ್ತವೆ.

ನಮ್ಮಲ್ಲಿ ಅನೇಕರ ಹಣೆ ಮತ್ತು ಬಾಯಿಯ ಸುತ್ತಲಿನ ಭಾಗ ಗಾಢವಾಗಿದ್ದು ಕೆನ್ನೆಯ ಮಧ್ಯಭಾಗ ತಿಳಿಯಾಗಿರುತ್ತದೆ. ಅಂಥವರು ಕೆನ್ನೆಯ ಬಣ್ಣವನ್ನು ಇಡೀ ಮುಖಕ್ಕೆ ಹರಡುವುದಕ್ಕಿಂತ, ಕುತ್ತಿಗೆ ಮತ್ತು ಎದೆಯ ಮೇಲ್ಭಾಗದ ಬಣ್ಣವನ್ನು ಆಧಾರವಾಗಿ ಇಟ್ಟುಕೊಂಡರೆ ಫಲಿತಾಂಶ ಸಹಜವಾಗಿರುತ್ತದೆ. ಚರ್ಮದ ಒಳಛಾಯೆ ಹಳದಿಯೋ, ಕೆಂಪೋ, ಇಲ್ಲವೇ ನಮ್ಮ ಕಡೆ ಬಹಳ ಸಾಮಾನ್ಯವಾದ ತುಸು ಹಸಿರು ಬೆರೆತ ಹಳದಿಯೋ ಎಂಬುದನ್ನೂ ಗಮನಿಸಬೇಕು. ಗುಲಾಬಿ ಛಾಯೆಯ ಫೌಂಡೇಶನ್ ಈ ಕೊನೆಯ ಬಗೆಯ ಚರ್ಮದ ಮೇಲೆ ಬೇರೆಯಾಗಿಯೇ ನಿಲ್ಲುತ್ತದೆ.

ಕಣ್ಣಿನ ಕೆಳಗೆ ಕನ್ಸೀಲರ್ ಹಚ್ಚಿದರೆ ಬೂದುಬಣ್ಣ ಬರುವುದೇಕೆ? ಸರಿಯಾದ ಕ್ರಮವೇನು?

ಕಣ್ಣಿನ ಕೆಳಗಿನ ಚರ್ಮ ತೀರಾ ತೆಳುವಾಗಿರುತ್ತದೆ. ಅಲ್ಲಿ ಕಾಣುವ ಕಪ್ಪಿನಲ್ಲಿ ರಕ್ತನಾಳಗಳಿಂದ ಬರುವ ನೀಲಿ ಛಾಯೆ ಮತ್ತು ಚರ್ಮದ ಸಹಜ ವರ್ಣದ್ರವ್ಯವಾದ ಮೆಲನಿನ್‌ನಿಂದ ಬರುವ ಕಂದು ಛಾಯೆ ಎರಡೂ ಬೆರೆತಿರುತ್ತವೆ. ಅದರ ಮೇಲೆ ನೇರವಾಗಿ ತಿಳಿಬಣ್ಣದ ಕನ್ಸೀಲರ್ ಹಚ್ಚಿದರೆ ನೀಲಿ ಛಾಯೆಯೂ ಬಿಳಿ ವರ್ಣದ್ರವ್ಯವೂ ಸೇರಿ ಬೂದು ಬಣ್ಣವಾಗುತ್ತದೆ. ಆದ್ದರಿಂದ ಮೊದಲು ನೀಲಿಯನ್ನು ತಣಿಸಬೇಕು. ವರ್ಣಚಕ್ರದಲ್ಲಿ ನೀಲಿಯ ಎದುರಿಗೆ ಇರುವುದು ಕಿತ್ತಳೆ ಬಣ್ಣ. ತಿಳಿ ಗೋಧಿ ಬಣ್ಣದವರಿಗೆ ಪೀಚ್, ಗೋಧಿ ಮತ್ತು ಎಣ್ಣೆಗೆಂಪು ಬಣ್ಣದವರಿಗೆ ಕಿತ್ತಳೆ, ಗಾಢ ಬಣ್ಣದವರಿಗೆ ಇಟ್ಟಿಗೆ ಕೆಂಪಿಗೆ ಹತ್ತಿರವಾದ ಗಾಢ ಕಿತ್ತಳೆ ಕರೆಕ್ಟರ್ (ಕಲೆಯ ಛಾಯೆಯನ್ನು ತಣಿಸಲು ಕನ್ಸೀಲರ್‌ಗೆ ಮೊದಲು ಹಚ್ಚುವ ಎದುರು ಬಣ್ಣ) ಸರಿಹೊಂದುತ್ತದೆ.

ಕಣ್ಣಿನ ಕೆಳಗೆ ಮಾಯಿಶ್ಚರೈಸರ್ ಹಚ್ಚಿ, ಅದು ಇಂಗುವವರೆಗೆ ಕಾದು, ಉಳಿದ ಜಿಡ್ಡನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಗಲ್ಲವನ್ನು ತುಸು ಕೆಳಗೆ ಮಾಡಿ ಕನ್ನಡಿಯಲ್ಲಿ ನೋಡಿದರೆ ಕಪ್ಪು ಎಲ್ಲಿ ಅತಿ ಗಾಢವಾಗಿದೆ ಎಂದು ಸ್ಪಷ್ಟವಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಅದು ಮೂಗಿನ ಪಕ್ಕದ ಕಣ್ಣಿನ ಒಳಮೂಲೆಯಿಂದ ಓರೆಯಾಗಿ ಕೆಳಗಿಳಿಯುವ ಗೆರೆಯಲ್ಲಿರುತ್ತದೆ. ಅಲ್ಲಿಗೆ ಮಾತ್ರ ಅಕ್ಕಿಕಾಳಿನಷ್ಟು ಕರೆಕ್ಟರ್ ಇಟ್ಟು, ಉಂಗುರದ ಬೆರಳಿನಿಂದ ತಟ್ಟಿ ತಟ್ಟಿ ತೆಳುವಾಗಿಸಿ. ಬೆರಳನ್ನು ಎಳೆಯಬಾರದು, ಎಳೆದರೆ ಹಚ್ಚಿದ್ದು ಎದ್ದುಬರುತ್ತದೆ. ಈ ಹಂತದಲ್ಲಿ ಕಣ್ಣಿನ ಕೆಳಗೆ ಕಿತ್ತಳೆ ಬಣ್ಣ ಎದ್ದು ಕಾಣಬಾರದು, ಕಪ್ಪು ಅಳಿದು ಸಾಧಾರಣ ಕಂದು ಬಣ್ಣವಾಗಿದ್ದರೆ ಸಾಕು. ಕಿತ್ತಳೆ ಎದ್ದು ಕಂಡರೆ ಪ್ರಮಾಣ ಹೆಚ್ಚಾಗಿದೆ ಎಂದೇ ಅರ್ಥ, ಅದನ್ನು ಮುಚ್ಚಲು ಮೇಲೆ ಮತ್ತಷ್ಟು ಕನ್ಸೀಲರ್ ಬೇಕಾಗಿ ಕೊನೆಗೆ ಪದರ ದಪ್ಪವಾಗಿ ಸುಕ್ಕುಗಳಲ್ಲಿ ಬಿರುಕು ಬಿಡುತ್ತದೆ. ಒಂದು ನಿಮಿಷದ ನಂತರ ನಿಮ್ಮ ಚರ್ಮದ್ದೇ ಬಣ್ಣದ ಕನ್ಸೀಲರನ್ನು ತೆಳುವಾಗಿ ಅದರ ಮೇಲೆ ತಟ್ಟಿ, ಪೌಡರನ್ನು ಸಣ್ಣ ಬ್ರಷ್‌ನಲ್ಲಿ ತೀರಾ ಕಡಿಮೆ ತೆಗೆದುಕೊಂಡು ಒತ್ತಿ.

ಕಣ್ಣಿನ ಕೆಳಗೆ ಹಳ್ಳ ಬಿದ್ದು ಕಪ್ಪಾಗಿ ಕಾಣುತ್ತಿದ್ದರೆ ಅದು ನೆರಳು. ಅದನ್ನು ಕರೆಕ್ಟರ್ ತಗ್ಗಿಸುತ್ತದೆ, ಅಳಿಸುವುದಿಲ್ಲ.

ಹಸಿರು ಕರೆಕ್ಟರ್ ಎಲ್ಲರಿಗೂ ಬೇಕೇ?

ಬೇಡ. ಹಸಿರು ಬಣ್ಣ ಕೆಂಪನ್ನು ತಣಿಸುತ್ತದೆ, ಆದರೆ ಗಾಢ ಚರ್ಮದಲ್ಲಿ ಮೊಡವೆಯ ಕೆಂಪು ಹೆಚ್ಚಾಗಿ ನೇರಳೆ ಅಥವಾ ಕಂದಾಗಿ ಕಾಣುವುದರಿಂದ ಹಸಿರು ಹಚ್ಚಿದರೆ ಮಸುಕು ಬೂದಾಗುತ್ತದೆ. ನೇರಳೆ ಛಾಯೆಗೆ ಹಳದಿ, ಕಂದಿಗೆ ಪೀಚ್ ಅಥವಾ ಕಿತ್ತಳೆ ಸಾಕು. ತಿಳಿಬಣ್ಣದವರಿಗೆ, ಮೂಗಿನ ಪಕ್ಕ ಸದಾ ಕೆಂಪಾಗಿರುವವರಿಗೆ ಮಾತ್ರ ಹಸಿರು ಉಪಯುಕ್ತ.

ಬಂಗು ಇರುವವರು ಮೇಕಪ್ ಮಾಡಬಹುದೇ? ಅದರಿಂದ ಬಂಗು ಹೆಚ್ಚಾಗುವುದೇ?

ಮಾಡಬಹುದು. ಸರಿಯಾಗಿ ಮಾಡಿದರೆ ಅದು ರಕ್ಷಣೆಯೂ ಆಗುತ್ತದೆ. ಕೆನ್ನೆ, ಮೂಗಿನ ಮೇಲ್ಭಾಗ, ಮೇಲ್ದುಟಿಯ ಮೇಲಿನ ಭಾಗ ಮತ್ತು ಹಣೆಯಲ್ಲಿ ಕಂದು ಬಣ್ಣದ ತೇಪೆಗಳಾಗಿ ಕಾಣುವ ಬಂಗು ಗರ್ಭಿಣಿಯರಲ್ಲಿ, ಹಾರ್ಮೋನು ಮಾತ್ರೆ ಸೇವಿಸುವವರಲ್ಲಿ ಹಾಗೂ ಕುಟುಂಬದಲ್ಲಿ ಈ ತೊಂದರೆ ಇರುವವರಲ್ಲಿ ಹೆಚ್ಚು. ಬಿಸಿಲಿನ ಅತಿನೇರಳೆ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ಗಾಢ ಚರ್ಮದಲ್ಲಿ ಬಂಗನ್ನು ಕೆರಳಿಸುತ್ತದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಈ ಕಾಣುವ ಬೆಳಕನ್ನು ಹೆಚ್ಚು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮತ್ತು ಫೌಂಡೇಶನ್ ತಡೆಯುತ್ತವೆ. ಹೀಗಾಗಿ ಬಂಗು ಇರುವವರು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ, ಚರ್ಮದ ಬಣ್ಣಕ್ಕೆ ಹೊಂದುವ ಬಣ್ಣದ ಸನ್‌ಸ್ಕ್ರೀನನ್ನೇ ಮೊದಲ ಪದರವಾಗಿ ಹಚ್ಚುವುದು ಉತ್ತಮ. ಮುಖ ಮತ್ತು ಕುತ್ತಿಗೆಗೆ ತೋರುಬೆರಳು ಮತ್ತು ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಸನ್‌ಸ್ಕ್ರೀನ್ ಬೇಕು. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ ಇದೆಯೆಂದು ಸನ್‌ಸ್ಕ್ರೀನ್ ಬಿಡಬಾರದು. ಅಷ್ಟು ಪ್ರಮಾಣದಲ್ಲಿ ಫೌಂಡೇಶನನ್ನು ಯಾರೂ ಹಚ್ಚುವುದಿಲ್ಲ.

ಮರೆಮಾಡುವಾಗ ಬಂಗಿನ ನಡುಭಾಗಕ್ಕೆ ಪೀಚ್ ಅಥವಾ ಕಿತ್ತಳೆ ಕರೆಕ್ಟರನ್ನು ತೆಳುವಾಗಿ ಹಚ್ಚಿ, ಅಂಚುಗಳನ್ನು ಒದ್ದೆ ಸ್ಪಂಜಿನಿಂದ ತಟ್ಟಿ ಸುತ್ತಲಿನ ಚರ್ಮದಲ್ಲಿ ಲೀನಗೊಳಿಸಬೇಕು. ಬಂಗಿನ ಅಂಚು ಅಂಕುಡೊಂಕಾಗಿರುವುದರಿಂದ ಕರೆಕ್ಟರ್ ಅಂಚನ್ನು ದಾಟಿದರೆ ಅದರಾಚೆಯ ಒಳ್ಳೆಯ ಚರ್ಮದ ಮೇಲೆ ಕಿತ್ತಳೆ ಕಲೆ ಮೂಡುತ್ತದೆ. ಆಮೇಲೆ ಫೌಂಡೇಶನನ್ನು ಉಜ್ಜದೆ ಒತ್ತಿ ಒತ್ತಿ ಹಚ್ಚಿ. ತೆಗೆಯುವಾಗಲೂ ಉಜ್ಜಬಾರದು, ಏಕೆಂದರೆ ತಿಕ್ಕಾಟದಿಂದ ಚರ್ಮ ಕೆರಳಿದರೆ ಕಪ್ಪು ಹೆಚ್ಚುತ್ತದೆ.

ಮೊಡವೆ ಮತ್ತು ಮೊಡವೆಯ ಕಲೆಗೆ ಏನು ಮಾಡಬೇಕು?

ಇಡೀ ಮುಖಕ್ಕೆ ದಪ್ಪ ಫೌಂಡೇಶನ್ ಹಚ್ಚುವ ಬದಲು, ತೆಳು ಫೌಂಡೇಶನ್ ಹಚ್ಚಿ ಇನ್ನೂ ಕಾಣುತ್ತಿರುವ ಕಲೆಗಳಿಗೆ ಮಾತ್ರ ಮೊನಚು ಬ್ರಷ್‌ನಿಂದ ಕನ್ಸೀಲರ್ ಇಡುವುದೇ ಒಳ್ಳೆಯ ಕ್ರಮ. ಕಲೆಯ ಮಧ್ಯದಲ್ಲಿ ಒಂದು ಚುಕ್ಕೆ ಇಟ್ಟು ಸುಮಾರು ಒಂದು ನಿಮಿಷ ಹಾಗೆಯೇ ಬಿಟ್ಟರೆ ಅದು ಗಟ್ಟಿಯಾಗುತ್ತದೆ. ಆಗ ಅಂಚನ್ನು ಮಾತ್ರ ಬೆರೆಸಿ, ಮಧ್ಯವನ್ನು ಮುಟ್ಟಬೇಡಿ. ಉಬ್ಬಿದ ಮೊಡವೆಗೆ ಹೊಳಪಿಲ್ಲದ ಕನ್ಸೀಲರ್ ಬೇಕು ಮತ್ತು ಅದು ಚರ್ಮಕ್ಕಿಂತ ತಿಳಿಯಾಗಿರಬಾರದು, ತಿಳಿಯಾದರೆ ಮೊಡವೆ ಮುಂದಕ್ಕೆ ಬಂದಂತೆ ಕಾಣುತ್ತದೆ. ಒಡೆದ ಅಥವಾ ಕೀವು ತುಂಬಿದ ಮೊಡವೆಯ ಮೇಲೆ ಏನನ್ನೂ ಹಚ್ಚದಿರುವುದೇ ಲೇಸು.

ಕುಳಿಗಳಿಗೆ ಸಿಲಿಕೋನ್ ಪ್ರೈಮರನ್ನು (ಫೌಂಡೇಶನ್‌ಗೆ ಮೊದಲು ಹಚ್ಚುವ ನುಣುಪು ಲೇಪ) ಬೆರಳಿನಿಂದ ಬೇರೆ ಬೇರೆ ದಿಕ್ಕಿನಲ್ಲಿ ಒತ್ತಿ ತುಂಬಿದರೆ ಮೇಲ್ಮೈ ತುಸು ಸಮವಾಗುತ್ತದೆ. ಕೆನ್ನೆಯಲ್ಲಿ ಕುಳಿಗಳಿರುವವರು ಮಿನುಗುವ ಹೈಲೈಟರನ್ನು ಅಲ್ಲಿಗೆ ಹಚ್ಚಬಾರದು.

ಯಾವುದನ್ನು ಮೊದಲು ಹಚ್ಚಬೇಕು, ಯಾವುದನ್ನು ಆಮೇಲೆ?

ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಬೇಕಿದ್ದರೆ ಪ್ರೈಮರ್, ಕರೆಕ್ಟರ್, ಫೌಂಡೇಶನ್, ಕನ್ಸೀಲರ್, ಕೊನೆಗೆ ಪೌಡರ್ ಎಂಬುದು ಸಾಮಾನ್ಯ ಕ್ರಮ. ಸನ್‌ಸ್ಕ್ರೀನ್ ಒಣಗುವ ಮೊದಲೇ ಮುಂದಿನದನ್ನು ಹಚ್ಚಿದರೆ ಎಲ್ಲವೂ ಉಂಡೆ ಉಂಡೆಯಾಗಿ ಏಳುತ್ತದೆ.

ಅರಿಶಿಣ ಶಾಸ್ತ್ರದ ಮರುದಿನ ಮುಹೂರ್ತ. ಫೌಂಡೇಶನ್ ಬಣ್ಣ ಹೊಂದುತ್ತಿಲ್ಲ, ಏನು ಮಾಡಲಿ?

ಮದುಮಗಳ ಮೇಕಪ್‌ನಲ್ಲಿ ಇದನ್ನು ಮೊದಲೇ ಯೋಚಿಸುವವರು ಕಡಿಮೆ. ಟ್ರಯಲ್ ಮಾಡಿಸುವ ದಿನ ಚರ್ಮ ತನ್ನ ಸಹಜ ಬಣ್ಣದಲ್ಲಿರುತ್ತದೆ, ಆದರೆ ಅರಿಶಿಣ ಹಚ್ಚಿಸಿಕೊಂಡ ಮರುದಿನ ಮುಖ, ಕುತ್ತಿಗೆ, ಕೈಗಳು ಹಳದಿಯಾಗಿರುತ್ತವೆ, ಅದರಲ್ಲೂ ಹುಬ್ಬಿನ ಬುಡ, ಕೂದಲಂಚು, ಮೂಗಿನ ಮಡಿಕೆಗಳಲ್ಲಿ ಹಳದಿ ಹೆಚ್ಚು ನಿಂತಿರುತ್ತದೆ. ಅರಿಶಿಣದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಸೋಪು ಹಚ್ಚಿ ತಿಕ್ಕುವುದರಿಂದ ಚರ್ಮ ಒಣಗಿ ಉರಿಯುವುದೇ ಹೊರತು ಬಣ್ಣ ಬಿಡುವುದಿಲ್ಲ. ಶಾಸ್ತ್ರದ ದಿನ ಸಂಜೆಯೇ ಹತ್ತಿಗೆ ಕೊಬ್ಬರಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಎಣ್ಣೆ ಹಾಕಿಕೊಂಡು ಮೃದುವಾಗಿ ಒರೆಸಿ, ಹತ್ತಿ ಹಳದಿಯಾಗುವುದು ಕಡಿಮೆಯಾಗುವವರೆಗೆ ಬದಲಿಸುತ್ತ ಹೋಗಿ, ಆಮೇಲೆ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆಯಿರಿ. ಮೊಡವೆ ಬರುವ ಚರ್ಮವಾದರೆ ಕೊಬ್ಬರಿ ಎಣ್ಣೆ ಬೇಡ, ಕ್ಲೆನ್ಸಿಂಗ್ ಎಣ್ಣೆಯೇ ಇರಲಿ.

ಸ್ವಲ್ಪ ಹಳದಿ ಉಳಿದರೆ ಗಾಬರಿಪಡಬೇಕಿಲ್ಲ. ಕುತ್ತಿಗೆ ಮತ್ತು ಕೈಗಳಲ್ಲೂ ಅದೇ ಛಾಯೆ ಇರುವುದರಿಂದ, ಮೇಕಪ್ ಮಾಡುವವರು ಹಳದಿ ಒಳಛಾಯೆಯ ಇನ್ನೊಂದು ಫೌಂಡೇಶನನ್ನು ತಂದಿದ್ದರೆ ಎರಡನ್ನೂ ಬೆರೆಸಿ ಹೊಂದಿಸಬಹುದು. ಈ ಮಾತನ್ನು ಟ್ರಯಲ್ ದಿನವೇ ಅವರಿಗೆ ಹೇಳಿಡಿ. ಹೋಮದ ಹೊಗೆಗೆ ಕಣ್ಣಲ್ಲಿ ನೀರು ಬರುವುದು ಖಚಿತವಾದ್ದರಿಂದ ಕಣ್ಣಿನ ಕೆಳಗೆ ಪದರ ತೆಳುವಾಗಿರಲಿ. ನೀರು ಬಂದಾಗ ಒರೆಸದೆ ಟಿಶ್ಯೂ ಕಾಗದದ ಮೂಲೆಯನ್ನು ತಾಗಿಸಿ ಹೀರಿಸಬೇಕೆಂದು ಪಕ್ಕದಲ್ಲಿ ನಿಲ್ಲುವ ಅತ್ತಿಗೆಗೋ ತಂಗಿಗೋ ತಿಳಿಸಿರಿ.

ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಮೇಕಪ್ ನಿಲ್ಲುವುದೇ?

ತೆಳುವಾಗಿದ್ದರೆ ನಿಲ್ಲುತ್ತದೆ. ಬೆವರು ಒಳಗಿನಿಂದ ಬರುವುದರಿಂದ ಪದರ ದಪ್ಪವಾದಷ್ಟೂ ಅದು ತೇಪೆತೇಪೆಯಾಗಿ ಕಳಚುತ್ತದೆ. ಪ್ರತಿ ಹಂತದ ನಂತರ ಟಿಶ್ಯೂ ಒತ್ತಿ ಎಣ್ಣೆಯಂಶ ತೆಗೆಯಿರಿ. ಹಣೆ, ಮೂಗು, ಗಲ್ಲಕ್ಕೆ ಮಾತ್ರ ಪೌಡರ್ ಹಾಕಿ. ಬೆವರಿದಾಗ ಅದರ ಮೇಲೆಯೇ ಮತ್ತೆ ಪೌಡರ್ ಹಾಕಬಾರದು, ಮೊದಲು ಬೆವರನ್ನು ಒತ್ತಿ ತೆಗೆಯಬೇಕು. ಬೆಂಗಳೂರಿನ ಚಳಿಗಾಲಕ್ಕೂ ಉತ್ತರ ಕರ್ನಾಟಕದ ಒಣ ಹವೆಗೂ ಇದರ ವಿರುದ್ಧ ಕ್ರಮ ಸರಿ: ಮಾಯಿಶ್ಚರೈಸರ್ ಹೆಚ್ಚು, ಪೌಡರ್ ಕಡಿಮೆ.

ಕನ್ನಡಿಯಲ್ಲಿ ಸರಿಯಾಗಿದ್ದ ಮುಖ ಫೋಟೊದಲ್ಲಿ ಬೆಳ್ಳಗೆ ಕಾಣುವುದೇಕೆ?

ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್, ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕ್ಯಾಮೆರಾದ ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತವೆ. ಸಂಜೆಯ ಆರತಕ್ಷತೆಗೆ ಚರ್ಮದ ಬಣ್ಣದ ಪೌಡರ್ ಬಳಸಿ, ಮನೆಯಲ್ಲೇ ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದು ನೋಡಿ.

ನಾಟಕದವರು ಬಳಸುವ ಪ್ಯಾನ್‌ಕೇಕ್, ಪ್ಯಾನ್‌ಸ್ಟಿಕ್‌ಗಳನ್ನು ದಿನವೂ ಹಚ್ಚಬಹುದೇ?

ಪ್ಯಾನ್‌ಕೇಕ್ ಎಂಬುದು ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ 1930ರ ದಶಕದಲ್ಲಿ ವರ್ಣಚಲನಚಿತ್ರಗಳಿಗಾಗಿ ರೂಪಿಸಿದ ಬಿಲ್ಲೆಯಂಥ ಮೇಕಪ್ ಸಾಮಗ್ರಿ. ದೂರದ ಪ್ರೇಕ್ಷಕನಿಗೂ ಪ್ರಖರ ದೀಪಕ್ಕೂ ಹೊಂದುವಂತೆ ಹಚ್ಚುವ ಬಣ್ಣದ ಉದ್ದೇಶವೇ ಬೇರೆ. ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಮನೆ) ಕಲಾವಿದರು ಕನ್ನಡಿ ಹಿಡಿದು ಗಂಟೆಗಟ್ಟಲೆ ಕುಳಿತು ಬರೆದುಕೊಳ್ಳುವ ಮುಖವರ್ಣಿಕೆ ಮುಖವನ್ನು ಪಾತ್ರವಾಗಿ ಮಾರ್ಪಡಿಸುವ ಕಲೆ. ಇಲ್ಲಿ ನಾವು ಹೇಳುತ್ತಿರುವುದು ಮುಖವನ್ನು ಮುಖವಾಗಿಯೇ ಉಳಿಸುವ ಕೆಲಸ. ಆದ್ದರಿಂದ ರಂಗಕ್ಕೆ ಮೀಸಲಾದ ದಪ್ಪ ಬಣ್ಣಗಳನ್ನು ಕಚೇರಿಗೆ ಹೋಗುವಾಗ ಮುಖಪೂರ್ತಿ ಹಚ್ಚುವುದು ಬೇಡ. ಗಾಢ ಕಲೆಯಿರುವ ಒಂದು ಜಾಗಕ್ಕೆ, ಕಡ್ಡಿಯ ರೂಪದ ದಪ್ಪ ಬಣ್ಣವಾದ ತುಸು ಪ್ಯಾನ್‌ಸ್ಟಿಕ್ ಬಳಸುವುದರಲ್ಲಿ ತಪ್ಪಿಲ್ಲ.

ತೊನ್ನು, ಸುಟ್ಟ ಗಾಯದ ಕಲೆ, ಹುಟ್ಟು ಮಚ್ಚೆಗಳನ್ನು ಮುಚ್ಚಲು ಬೇರೆ ಸಾಮಗ್ರಿ ಇದೆಯೇ?

ಇದೆ. ಕ್ಯಾಮಫ್ಲಾಜ್ ಕ್ರೀಮ್ ಎಂದು ಕರೆಯುವ ಇವುಗಳಲ್ಲಿ ಸಾಮಾನ್ಯ ಫೌಂಡೇಶನ್‌ಗಿಂತ ಹೆಚ್ಚು ವರ್ಣದ್ರವ್ಯವಿದ್ದು, ಪೌಡರಿನಿಂದ ಕೂರಿಸಿದ ಮೇಲೆ ನೀರು ಮತ್ತು ಬೆವರನ್ನು ತಡೆದುಕೊಳ್ಳುತ್ತವೆ. ಅಮೆರಿಕದ ಲಿಡಿಯಾ ಓ’ಲಿಯರಿ ಎಂಬಾಕೆ ತನ್ನ ಮುಖದ ಮೇಲಿದ್ದ ಹುಟ್ಟು ಮಚ್ಚೆಯನ್ನು ಮುಚ್ಚಲು ತಾನೇ ಇಂಥದೊಂದು ಕ್ರೀಮನ್ನು ಸಿದ್ಧಪಡಿಸಿ 1932ರಲ್ಲಿ ಪೇಟೆಂಟ್ ಪಡೆದಳು. ಬಳಸುವ ಕ್ರಮ ಸರಳ: ಮುಂಗೈ ಮೇಲೆ ತುಸು ಕ್ರೀಮ್ ತೆಗೆದುಕೊಂಡು ಬೆರಳಿನಿಂದ ಉಜ್ಜಿ ಬೆಚ್ಚಗೆ ಮಾಡಿ, ಕಲೆಯ ಮೇಲೆ ಮತ್ತು ಅಂಚಿನಿಂದ ಸ್ವಲ್ಪ ಹೊರಗಿನವರೆಗೆ ತಟ್ಟಿ, ಪೌಡರನ್ನು ಧಾರಾಳವಾಗಿ ಒತ್ತಿ ಐದು ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಮೃದುವಾದ ಬ್ರಷ್‌ನಿಂದ ಕೊಡವಬೇಕು. ತೊನ್ನಿನ ಬಿಳಿ ಭಾಗಕ್ಕೆ ಕರೆಕ್ಟರ್ ಅಗತ್ಯವಿಲ್ಲ. ಸುತ್ತಲಿನ ಚರ್ಮದ ಬಣ್ಣವನ್ನೇ ನೇರವಾಗಿ ಹಚ್ಚಬಹುದು. ಡೈಹೈಡ್ರಾಕ್ಸಿ ಅಸಿಟೋನ್ ಇರುವ ದ್ರಾವಣಗಳು ಚರ್ಮದ ಮೇಲ್ಪದರವನ್ನು ಕೆಲವು ದಿನಗಳ ಮಟ್ಟಿಗೆ ಕಂದಾಗಿಸುತ್ತವೆ, ಆದರೆ ಬಿಸಿಲಿನಿಂದ ರಕ್ಷಿಸುವುದಿಲ್ಲ. ತೊನ್ನಿರುವ ಚರ್ಮ ಬೇಗ ಸುಡುವುದರಿಂದ ಸನ್‌ಸ್ಕ್ರೀನ್ ಕಡ್ಡಾಯ.

ತೊನ್ನು ಅಂಟುರೋಗವಲ್ಲ. ಅದನ್ನು ಮುಚ್ಚಬೇಕೋ ಬೇಡವೋ ಎಂಬುದು ಆ ವ್ಯಕ್ತಿಯೊಬ್ಬರದೇ ನಿರ್ಧಾರ, ಮನೆಯವರದೂ ಅಲ್ಲ, ಗಂಡಿನ ಕಡೆಯವರದೂ ಅಲ್ಲ.

ಹಣೆಯಲ್ಲಿ ಬೊಟ್ಟು ಇಡುವ ಜಾಗ ಕಪ್ಪಾಗಿದೆ ಅಥವಾ ಬೆಳ್ಳಗಾಗಿದೆ. ಮುಚ್ಚಿಕೊಂಡರೆ ಸಾಕೇ?

ಸಾಲದು. ಕೃತಕ ಬಣ್ಣದ ಕುಂಕುಮದಿಂದ ಅಲರ್ಜಿಯಾಗಿ ಚರ್ಮ ಕಪ್ಪಾಗುವುದೂ, ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ಕೆಲವು ರಾಸಾಯನಿಕಗಳಿಂದ ಚರ್ಮ ಬಣ್ಣ ಕಳೆದುಕೊಳ್ಳುವುದೂ ಚರ್ಮವೈದ್ಯರಿಗೆ ಪರಿಚಿತವಾದ ಸಂಗತಿಗಳು. ಆ ಕುಂಕುಮ ಅಥವಾ ಬಿಂದಿಯನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಕಲೆಯ ಮೇಲೆ ಅದೇ ಬಿಂದಿಯನ್ನು ದೊಡ್ಡದಾಗಿ ಅಂಟಿಸಿ ಮರೆಮಾಡುವುದು ತೊಂದರೆಯನ್ನು ಹೆಚ್ಚಿಸುತ್ತದೆ.

ಮೇಕಪ್ ಬದಲು ಕಲೆ ತೆಗೆಯುವ ಕ್ರೀಮನ್ನೇ ಹಚ್ಚಬಾರದೇ?

ಚರ್ಮವೈದ್ಯರು ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ಹಚ್ಚಿ. ಔಷಧಿ ಅಂಗಡಿಯಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಮೊದಲ ಕೆಲವು ವಾರ ಮುಖವನ್ನು ತಿಳಿಯಾಗಿಸಿ, ಅನಂತರ ಚರ್ಮವನ್ನು ತೆಳುವಾಗಿಸಿ, ಕೆಂಪು ರಕ್ತನಾಳಗಳು, ಮೊಡವೆ, ಬೇಡದ ಕೂದಲು, ಉರಿ ಇವೆಲ್ಲವನ್ನೂ ತರುತ್ತವೆ. ಬಿಟ್ಟ ಕೂಡಲೇ ಕಲೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ತಯಾರಕರ ಹೆಸರೇ ಇಲ್ಲದ ಡಬ್ಬಿಗಳಲ್ಲಿ ಬರುವ ಬಿಳುಪಿನ ಕ್ರೀಮುಗಳಲ್ಲಿ ಪಾದರಸವಿರುವ ಅಪಾಯವಿದೆ, ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ರಾತ್ರಿ ತೊಳೆದು ತೆಗೆಯಬಹುದಾದ ಮೇಕಪ್‌ಗಿಂತ ಇವು ಎಷ್ಟೋ ಪಾಲು ಅಪಾಯಕಾರಿ.

ಮೇಕಪ್ ತೆಗೆಯುವುದು ಮತ್ತು ಬ್ರಷ್‌ಗಳನ್ನು ಇಟ್ಟುಕೊಳ್ಳುವುದು ಹೇಗೆ?

ಎಷ್ಟೇ ತಡವಾಗಿ ಮನೆಗೆ ಬಂದರೂ ಮಲಗುವ ಮೊದಲು ಮೇಕಪ್ ತೆಗೆಯಲೇಬೇಕು. ಮೊದಲು ಕ್ಲೆನ್ಸಿಂಗ್ ಎಣ್ಣೆ ಅಥವಾ ಬಾಮ್, ಆಮೇಲೆ ಫೇಸ್‌ವಾಶ್. ಒದ್ದೆ ಸ್ಪಂಜನ್ನು ಪ್ರತಿ ಬಳಕೆಯ ನಂತರ ತೊಳೆದು, ಹಿಂಡಿ, ಗಾಳಿಯಾಡುವ ಕಡೆ ಒಣಗಿಸಿ. ಡಬ್ಬಿಯೊಳಗೆ ಒದ್ದೆಯಾಗಿಯೇ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಬ್ರಷ್‌ಗಳನ್ನು ವಾರಕ್ಕೊಮ್ಮೆ ತೊಳೆದು, ನೀರು ಬುಡಕ್ಕೆ ಇಳಿಯದಂತೆ ಮಲಗಿಸಿ ಒಣಗಿಸಬೇಕು. ಬಾಟಲಿಯ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ ಅಥವಾ 12ಎಂ ಎಂದು ಬರೆದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಅರ್ಥ. ಪಾರ್ಲರಿನಲ್ಲಿ ನಿಮ್ಮ ಮುಖಕ್ಕೆ ಬಳಸುವ ಸ್ಪಂಜು ಹೊಸದೇ ಎಂದು ಕೇಳಲು ಸಂಕೋಚಪಡಬೇಡಿ, ಬೇಕಿದ್ದರೆ ನಿಮ್ಮದೇ ಸ್ಪಂಜನ್ನು ಕೊಂಡೊಯ್ಯಿರಿ.